ಮೂರು ವರ್ಷ ಸೊನ್ನೆ ಅಪಘಾತ, ಇನ್ನೇನು ತೋರಿಸಬೇಕು?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದೊಂದು ಕೋಲ್ಡ್ ಸ್ಟೋರೇಜ್ ಇದೆ, ಪಕ್ಕದಲ್ಲೇ ಖಾರದಪುಡಿ ಘಟಕ. ಕಾಯಂ ಕೆಲಸಗಾರರು 40 ಜನ. ಸೀಜನ್‌ನಲ್ಲಿ ತೊಟ್ಟು ಬಿಡಿಸಲು ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಬರುತ್ತಾರೆ, ಹಮಾಲರು ಬೇರೆ. ನಾನು ಮ್ಯಾನೇಜರ್. ಮೂರು ವರ್ಷದಿಂದ ಒಂದೂ ಅಪಘಾತ ಆಗಿಲ್ಲ, ಗೇಟಿನಲ್ಲಿ ಬೋರ್ಡ್ ಕೂಡ ಹಾಕಿದ್ದೇವೆ. ಈಗ ನಮ್ಮಿಂದ ಪುಡಿ ಕೊಳ್ಳುವ ಕಂಪನಿಯವರು ಆಡಿಟ್‌ಗೆ ಬರುತ್ತಾರಂತೆ. ‘ನಿಮ್ಮಲ್ಲಿ ಸುರಕ್ಷತೆ ಹೇಗಿದೆ ಎಂದು ಹೇಗೆ ಅಳೆಯುತ್ತೀರಿ, ಯಾರು ಯಾವಾಗ ಪರಿಶೀಲಿಸುತ್ತಾರೆ, ದಾಖಲೆ ತೋರಿಸಿ’ ಎಂದು ಪತ್ರ ಬಂದಿದೆ. ನಮ್ಮ ಸಾಹುಕಾರರು ‘ಆಗದ ಅಪಘಾತಕ್ಕ ಏನ್ ದಾಖಲೆ ಬರೀತಿ?’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಬೋರ್ಡಿನ ಲೆಕ್ಕದಿಂದಲೇ ಶುರು ಮಾಡೋಣ. 40 ಜನ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದು ಹಿಡಿಯಿರಿ. ವರ್ಷಕ್ಕೆ 96,000 ಗಂಟೆ ಆಯಿತು, ಮೂರು ವರ್ಷಕ್ಕೆ 2,88,000. ಅಪಘಾತದ ದರವನ್ನು ನಮ್ಮಲ್ಲಿ ಹತ್ತು ಲಕ್ಷ ಕೆಲಸದ ಗಂಟೆಗೆ ಎಷ್ಟು ಎಂದು ನೋಡುತ್ತಾರೆ. ಭಾರತೀಯ ಮಾನಕ ಐಎಸ್ 3786 ಹೇಳುವ ವಿಧಾನ ಇದು. ನಿಮ್ಮ ಮೂರೂ ವರ್ಷ ಕೂಡಿಸಿದರೆ ಹತ್ತು ಲಕ್ಷದ ಮೂರನೇ ಒಂದು ಪಾಲು ಕೂಡ ಆಗಲಿಲ್ಲ. ನಾಳೆ ಒಬ್ಬರ ಬೆರಳು ಬೆಲ್ಟಿಗೆ ಸಿಕ್ಕಿ ಒಂದು ವಾರ ಕೆಲಸಕ್ಕೆ ಬರದಿದ್ದರೆ ಈ ವರ್ಷದ ದರ ಸೊನ್ನೆಯಿಂದ ಸೀದಾ 10 ದಾಟುತ್ತದೆ. ನಿನ್ನೆಗೂ ಇವತ್ತಿಗೂ ಘಟಕ ಅದೇ, ಜನ ಅವರೇ, ಬೆಲ್ಟೂ ಅದೇ.

ಇನ್ನೊಂದು ರೀತಿಯಲ್ಲಿ ನೋಡಿ. ಹತ್ತು ಲಕ್ಷ ಗಂಟೆಗೆ ಮೂರು ಅಪಘಾತ ಆಗುವಷ್ಟು ಸಡಿಲವಾದ ಘಟಕ ಒಂದಿದೆ ಎಂದುಕೊಳ್ಳಿ. ಅಂಥ ಘಟಕದಲ್ಲೂ 2.88 ಲಕ್ಷ ಗಂಟೆ ಏನೂ ಆಗದೆ ಕಳೆಯುವ ಸಾಧ್ಯತೆ ನೂರಕ್ಕೆ 42ರಷ್ಟು ಇರುತ್ತದೆ. ಅಂದರೆ ನಿಮ್ಮ ಸೊನ್ನೆ ಒಳ್ಳೆಯ ಕೆಲಸದಿಂದ ಬಂದಿರಬಹುದು, ಸುಮ್ನೆ ಅದೃಷ್ಟದಿಂದಲೂ ಬಂದಿರಬಹುದು. ಬೋರ್ಡ್ ನೋಡಿ ಯಾವುದು ಎಂದು ಹೇಳಲು ಬರುವುದಿಲ್ಲ. ಆಡಿಟರ್‌ಗೆ ಇದು ಗೊತ್ತು. ಅದಕ್ಕೇ ಅವರು ‘ಎಷ್ಟು ಅಪಘಾತ’ ಎಂದು ಕೇಳದೆ ‘ಹೇಗೆ ಅಳೆಯುತ್ತೀರಿ’ ಎಂದು ಕೇಳಿದ್ದಾರೆ.

ಆ ಸೊನ್ನೆಯಲ್ಲಿ ಯಾರ ಯಾರ ಲೆಕ್ಕ ಇದೆ ಎಂಬುದೂ ಮುಖ್ಯ. ತೊಟ್ಟು ಬಿಡಿಸುವವರು, ಹಮಾಲರು, ಲಾರಿ ಕ್ಲೀನರ್, ರಿಪೇರಿಗೆ ಬಂದ ವೆಲ್ಡರ್ ಇದ್ದಾರಾ? ಹಮಾಲರ ಪೆಟ್ಟು ಸಾಮಾನ್ಯವಾಗಿ ಅವರ ಮೇಸ್ತ್ರಿಯಲ್ಲೇ ಮುಗಿದುಹೋಗುತ್ತದೆ. ಆಫೀಸಿನ ರಿಜಿಸ್ಟರ್‌ವರೆಗೆ ಬರುವುದೇ ಇಲ್ಲ.

ಇದನ್ನು ಇವತ್ತೇ ಪರೀಕ್ಷಿಸಬಹುದು. ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಕಳೆದ ಒಂದು ವರ್ಷ ಏನೇನು ತರಿಸಿದ್ದೀರಿ ಎಂದು ಮೆಡಿಕಲ್ ಅಂಗಡಿಯ ಬಿಲ್ ತೆಗೆಸಿ. ಬರ್ನಾಲ್, ಬ್ಯಾಂಡೇಜ್, ಹತ್ತಿ, ಕಣ್ಣಿನ ಹನಿ. ಅದರ ಪಕ್ಕದಲ್ಲಿ ಗಾಯಗಳ ರಿಜಿಸ್ಟರ್ ಇಡಿ. ಪೆಟ್ಟಿಗೆ ಎರಡು ತಿಂಗಳಿಗೊಮ್ಮೆ ಖಾಲಿಯಾಗುತ್ತಿದ್ದು ರಿಜಿಸ್ಟರ್ ಪೂರ್ತಿ ಬಿಳಿ ಇದ್ದರೆ ನಿಮ್ಮಲ್ಲಿ ಗಾಯಗಳಿಗೇನೂ ಬರವಿಲ್ಲ, ಬರೆಯುವವರು ಇಲ್ಲ ಅಷ್ಟೇ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ಹೊಸ ಘಟಕಕ್ಕೆ ಹೋದಾಗ ನಾನು ಮೊದಲು ಕೇಳುವುದೇ ಈ ಬಿಲ್ಲನ್ನು.

ದೊಡ್ಡವರೂ ಈ ಸೊನ್ನೆಗೆ ಮರುಳಾಗಿದ್ದಾರೆ. ಅಮೆರಿಕದ ಹತ್ತಿರ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ರಿಗ್ ಇತ್ತು. ಕೆಲಸದ ದಿನ ಕಳೆದುಕೊಳ್ಳುವಂಥ ಒಂದು ಅಪಘಾತವೂ ಇಲ್ಲದೆ ಏಳು ವರ್ಷ ಕಳೆದಿತ್ತು. ಅದಕ್ಕೆ ಶಹಬ್ಬಾಸ್ ಹೇಳಲು 2010ರ ಏಪ್ರಿಲ್ 20ರಂದು ಮೇಲಧಿಕಾರಿಗಳು ರಿಗ್‌ಗೇ ಬಂದಿದ್ದರು. ಅದೇ ರಾತ್ರಿ ಅದು ಸ್ಫೋಟಿಸಿ 11 ಜನ ಸತ್ತರು. ಕಾಲು ಜಾರಿ ಬೀಳುವವರನ್ನು ಎಣಿಸುತ್ತಿದ್ದ ಲೆಕ್ಕಕ್ಕೆ ಬಾವಿಯ ಒಳಗಿನ ಒತ್ತಡ ಕಾಣಿಸಲಿಲ್ಲ.

ನಿಮ್ಮಲ್ಲಿಯೂ ಅಂಥದೊಂದು ಒತ್ತಡ ಇದೆ, ಚೇಂಬರ್ ತಣ್ಣಗಿಡಲು ಪೈಪಿನಲ್ಲಿ ಸುತ್ತುವ ಅಮೋನಿಯಾ. ಆದ್ದರಿಂದ ಫಾರಂ ಮಾಡುವ ಮೊದಲು ಕಂಪ್ರೆಸರ್ ಆಪರೇಟರ್, ಎಲೆಕ್ಟ್ರಿಷಿಯನ್, ಒಬ್ಬ ಹಮಾಲ, ತೊಟ್ಟು ಬಿಡಿಸುವ ಒಬ್ಬ ಹಿರಿಯಾಕೆ ಇಷ್ಟು ಜನರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ‘ನಮ್ಮಲ್ಲಿ ಜೀವ ಹೋಗುವಂಥದು ಏನೇನು ಇದೆ?’ ಬ್ಯಾಡಗಿಯ ಇಂಥ ಘಟಕದಲ್ಲಿ ಉತ್ತರ ಹೆಚ್ಚುಕಡಿಮೆ ಹೀಗೆ ಬರುತ್ತದೆ. ಅಮೋನಿಯಾ ಸೋರಿಕೆ, ತಣ್ಣನೆಯ ಚೇಂಬರ್ ಒಳಗೆ ಯಾರಾದರೂ ಸಿಕ್ಕಿಬೀಳುವುದು, ಒಂದರ ಮೇಲೊಂದು ಪೇರಿಸಿದ ಚೀಲದ ಥಪ್ಪಿ ಕುಸಿಯುವುದು, ಕಾಯಿ ಪುಡಿ ಮಾಡುವ ಯಂತ್ರದ (ಪಲ್ವರೈಸರ್) ಬೆಲ್ಟ್, ಕರೆಂಟ್, ಬೆಂಕಿ. ಪ್ರತಿಯೊಂದನ್ನೂ ತಡೆಯುವ ವಸ್ತು ಅಥವಾ ಪದ್ಧತಿ ಒಂದಿರುತ್ತದೆ. ಅದು ಇವತ್ತು ಕೆಲಸ ಮಾಡುತ್ತಿದೆಯಾ ಎಂದು ನೋಡುವುದೇ ಅಳೆಯುವುದು. ಆಗದ ಅಪಘಾತಕ್ಕೆ ಯಾರೂ ದಾಖಲೆ ಬರೆಯಬೇಕಿಲ್ಲ. ಅದು ಆಗದಂತೆ ತಡೆಯುತ್ತಿರುವುದು ಏನು, ಅದು ಇನ್ನೂ ಗಟ್ಟಿ ಇದೆಯಾ ಎಂದು ಬರೆದರೆ ಸಾಕು. ಸಾಹುಕಾರರಿಗೆ ಹೀಗೇ ಹೇಳಿ.

ಅಮೋನಿಯಾದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಉಳಿದವು ಒಬ್ಬಿಬ್ಬರನ್ನು ಕೊಲ್ಲಬಹುದು, ಇದು ಪಕ್ಕದ ಶೆಡ್ಡಿನಲ್ಲಿ ಕೂತ ಹೆಣ್ಣುಮಕ್ಕಳವರೆಗೂ ಹೋಗುತ್ತದೆ. ನಮ್ಮಲ್ಲಿ 8 ಗಂಟೆಯ ಕೆಲಸಕ್ಕೆ ಇದರ ಮಿತಿ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು. 300 ಪಿಪಿಎಂ ಎಂದರೆ ಜೀವಕ್ಕೇ ಅಪಾಯ ಎಂದು ಪರಿಗಣಿಸುತ್ತಾರೆ. ನೀರು ಎಲ್ಲಿ ಸಿಕ್ಕರೂ ಅದರಲ್ಲಿ ಕರಗುವ ಅನಿಲ ಇದು. ಹಾಗಾಗಿ ಮೊದಲು ಹಿಡಿಯುವುದೇ ಕಣ್ಣು, ಗಂಟಲು, ಶ್ವಾಸಕೋಶವನ್ನು.

ಕೋಲ್ಡ್ ಸ್ಟೋರೇಜ್‌ಗಳಲ್ಲಿ ಅತಿ ಅಪಾಯದ ಕೆಲಸಗಳಲ್ಲಿ ಎಣ್ಣೆ ತೆಗೆಯುವುದೂ ಒಂದು. ಕಂಪ್ರೆಸರ್‌ನಿಂದ ಹೊರಟ ಎಣ್ಣೆ ದ್ರವ ಅಮೋನಿಯಾಗಿಂತ ಭಾರ, ಹೋಗಿ ರಿಸೀವರ್ ತಳದಲ್ಲಿ, ಅಂದರೆ ದ್ರವ ಅಮೋನಿಯಾ ಸೇರುವ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಆಪರೇಟರ್ ಡ್ರೇನ್ ವಾಲ್ವ್ ತೆರೆಯುತ್ತಾನೆ. ಎಣ್ಣೆ ದಪ್ಪ, ತಣ್ಣಗಿದ್ದರೆ ಇನ್ನೂ ದಪ್ಪ. ಬೇಗ ಬರಲಿ ಎಂದು ಇನ್ನೊಂದು ಸುತ್ತು ತಿರುಗಿಸುತ್ತಾನೆ. ಎಣ್ಣೆ ಮುಗಿದ ಕ್ಷಣಕ್ಕೆ ಅದೇ ತೂತಿನಿಂದ ಅಮೋನಿಯಾ ನುಗ್ಗುತ್ತದೆ. ಇದಕ್ಕಾಗಿಯೇ ಸ್ಪ್ರಿಂಗ್ ವಾಲ್ವ್ ಹಾಕುವುದು. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಕಡೆ ಆ ಹಿಡಿಕೆಗೆ ಬೈಂಡಿಂಗ್ ತಂತಿ ಸುತ್ತಿ ತೆರೆದೇ ಇಟ್ಟಿರುತ್ತಾರೆ, ಕೈ ನೋಯುತ್ತದೆ ಅಂತ. ಕಾಗದದಲ್ಲಿ ‘ಸ್ಪ್ರಿಂಗ್ ವಾಲ್ವ್: ಇದೆ’ ಎಂದು ಟಿಕ್ ಬಿದ್ದಿರುತ್ತದೆ. ವಾಲ್ವ್ ಇರುವುದೂ ನಿಜವೇ. ಆದ್ದರಿಂದ ಎಣ್ಣೆ ತೆಗೆಯುವ ದಿನ ನೀವೇ ಹೋಗಿ ನಿಂತು ನೋಡಿ. ಇಬ್ಬರಿದ್ದಾರಾ, ಕನ್ನಡಕ ಮತ್ತು ಗ್ಲೌಸ್ ಇದೆಯಾ, ಹಿಡಿಕೆ ಕೈಯಲ್ಲಿದೆಯಾ ತಂತಿಯಲ್ಲಿದೆಯಾ. ಇಷ್ಟನ್ನು ಎರಡು ಸಾಲಿನಲ್ಲಿ ಬರೆದಿಡಿ.

ಅಮೋನಿಯಾಗೆ ನನ್ನ ಮೆಚ್ಚಿನ ಅಳತೆ ಒಂದಿದೆ. ಅದು ಸಿಗುವುದು ನಿಮ್ಮ ಅಕೌಂಟೆಂಟ್ ಹತ್ತಿರ. ವರ್ಷಕ್ಕೆ ಎಷ್ಟು ಕೆಜಿ ಅಮೋನಿಯಾ ತುಂಬಿಸಿದಿರಿ? ಇದು ಮುಚ್ಚಿದ ಪೈಪಿನಲ್ಲಿ ಸುತ್ತುವ ಅನಿಲ, ಡೀಸೆಲ್ ಥರ ಉರಿದು ಖರ್ಚಾಗುವುದಲ್ಲ. ಎಣ್ಣೆ ತೆಗೆಯುವಾಗ, ಪೈಪಿನಲ್ಲಿ ಸೇರಿದ ಗಾಳಿ ಬಿಡುವಾಗ ಸ್ವಲ್ಪ ಹೋಗುತ್ತದೆ. ಅದನ್ನು ಬಿಟ್ಟು ತುಂಬಿಸಿದ್ದೆಲ್ಲ ಎಲ್ಲೋ ಸೋರಿದ್ದೇ. ಮೂರು ವರ್ಷದ ಖರೀದಿ ಬಿಲ್ ಪಕ್ಕಪಕ್ಕ ಇಡಿ. ಏರುತ್ತಿದ್ದರೆ ಸೋರದಂತೆ ಹಾಕುವ ಗ್ಲ್ಯಾಂಡ್, ಗ್ಯಾಸ್ಕೆಟ್, ಇಲ್ಲವೇ ಹಳೆಯ ಪೈಪು ಯಾವುದೋ ಕೈಕೊಡುತ್ತಿದೆ ಎಂದರ್ಥ. ಹೀಗೆ ಮುಂಚೆಯೇ ಸುಳಿವು ಕೊಡುವ ಅಂಕಿ ನಿಮ್ಮ ಬೋರ್ಡಿನಲ್ಲಿ ಯಾವತ್ತೂ ಸಿಗುವುದಿಲ್ಲ.

ಕಂಪ್ರೆಸರ್ ಕೋಣೆಯ ಲಾಗ್ ಬುಕ್ಕನ್ನೂ ಒಮ್ಮೆ ಓದಿ. ಮಾರ್ಚ್ ತಿಂಗಳ ಒಂದು ದಿನ ತೆಗೆದು ಹೆಡ್ ಪ್ರೆಶರ್ (ಕಂಡೆನ್ಸರ್ ಒತ್ತಡ) ಕಾಲಂ ಮೇಲೆ ಬೆರಳಾಡಿಸಿ. ಬೆಳಗಿನ ಜಾವ ಐದಕ್ಕೆ 180, ಮಧ್ಯಾಹ್ನ ಎರಡಕ್ಕೆ 180, ರಾತ್ರಿ ಹತ್ತಕ್ಕೂ 180 ಎಂದಿದ್ದರೆ ಯಾರೂ ಗೇಜ್ ನೋಡಿಲ್ಲ. ನಮ್ಮ ಹಾವೇರಿ ಜಿಲ್ಲೆಯ ಬಿಸಿಲಿಗೆ ಮಧ್ಯಾಹ್ನದ ಕಂಡೆನ್ಸರ್ ಒತ್ತಡ ಬೆಳಗಿನ ಜಾವದ್ದೇ ಇರಲು ಸಾಧ್ಯವಿಲ್ಲ. ಒಂದೇ ಪೆನ್ನಿನಲ್ಲಿ ತಿಂಗಳ ಕೊನೆಗೆ ತುಂಬಿದ ಚೆಕ್‌ಲಿಸ್ಟ್, ಘಟಕ ಬಂದ್ ಇದ್ದ ಹಬ್ಬದ ದಿನಕ್ಕೂ ಬಿದ್ದ ಟಿಕ್ ಆಡಿಟರ್ ಕಣ್ಣಿಗೆ ಐದು ನಿಮಿಷದಲ್ಲಿ ಬೀಳುತ್ತವೆ. ಆಪರೇಟರ್ ಮೇಲೆ ಸಿಟ್ಟಾಗಬೇಡಿ. ಆ ಪುಸ್ತಕವನ್ನು ಮೇಲಿನವರು ಯಾರೂ ತೆರೆದು ನೋಡಿಲ್ಲ ಎಂದು ಆತನಿಗೆ ಚೆನ್ನಾಗಿ ಗೊತ್ತು. ಇನ್ನು ಮುಂದೆ ವಾರಕ್ಕೊಮ್ಮೆ ನೀವು ಓದಿ, ಅನುಮಾನ ಬಂದ ಅಂಕಿಗೆ ಸುತ್ತು ಹಾಕಿ, ‘ಇದು ಯಾಕೆ ಹೀಗೆ’ ಎಂದು ಕೇಳಿ.

ಉಳಿದದ್ದು ಚಿಕ್ಕದು, ಆದರೆ ಕೈಯಿಂದ ಮುಟ್ಟಿ ನೋಡುವಂಥದು. ಚೇಂಬರ್ ಬಾಗಿಲು: ವಾರಕ್ಕೊಮ್ಮೆ ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಬಾಗಿಲು ಹಾಕಿ, ಒಳಗಿನ ಗುಬುಟಿನಿಂದ ತೆರೆಯುತ್ತದಾ, ಒಳಗಿನ ಬೆಲ್ ಹೊರಗೆ ಕೇಳುತ್ತದಾ ನೋಡಿ. ಒಂದು ನಿಮಿಷದ ಕೆಲಸ. ಗ್ಯಾಸ್ ಡಿಟೆಕ್ಟರ್‌ಗೆ ಹಸಿರು ದೀಪ ಉರಿದರೆ ಸಾಲದು, ಪರೀಕ್ಷಾ ಅನಿಲ ತೋರಿಸಿದಾಗ ಕೂಗಬೇಕು. ಬೆನ್ನಿಗೆ ಹಾಕುವ ಗಾಳಿ ಸಿಲಿಂಡರ್‌ನ ಗೇಜ್ ತುಂಬಿದೆ ಎಂದು ತೋರಿಸುತ್ತಿರಬೇಕು. ಅದನ್ನು ಹಾಕಿಕೊಳ್ಳಲು ರಾತ್ರಿ ಪಾಳಿಯವರಿಗೆ ಬರಬೇಕು, ಅದು ಕಂಪ್ರೆಸರ್ ಕೋಣೆಯ ಹೊರಗೆ ಇರಬೇಕು. ಒಳಗಿಟ್ಟರೆ ಸೋರಿದಾಗ ತರುವವರು ಯಾರು? ಕಣ್ಣು ತೊಳೆಯುವ ನಲ್ಲಿಯಲ್ಲಿ ನೀರು ಬರುತ್ತದಾ. ಒತ್ತಡ ಮಿತಿ ಮೀರಿದರೆ ತಾನೇ ತೆರೆಯುವ ಸೇಫ್ಟಿ ರಿಲೀಫ್ ವಾಲ್ವ್ ಮೇಲಿನ ದಿನಾಂಕ ಯಾವುದು, ಐದು ವರ್ಷಕ್ಕೊಮ್ಮೆ ಬದಲಿಸುವುದು ಅಮೋನಿಯಾ ಕ್ಷೇತ್ರದಲ್ಲಿ ರೂಢಿ. ಪಲ್ವರೈಸರ್ ಬೆಲ್ಟ್ ಗಾರ್ಡಿಗೆ ನಾಲ್ಕು ಬೋಲ್ಟ್ ಇರಬೇಕಾದಲ್ಲಿ ಎಷ್ಟಿವೆ ಎಂದು ಎಣಿಸಿ. ಒಂದೇ ಬೋಲ್ಟಿನ ಮೇಲೆ ನೇತಾಡುತ್ತಿದ್ದರೆ ದಿನಾ ಬಿಚ್ಚುತ್ತಾರೆ ಎಂದರ್ಥ. ಯಾಕೆ ಬಿಚ್ಚಬೇಕಾಗುತ್ತಿದೆ ಎಂದು ಕೇಳಿ. ಬಹಳ ಸಲ ಪುಡಿ ಕಟ್ಟಿಕೊಳ್ಳುವುದೇ ಕಾರಣ, ಅದನ್ನು ಸರಿಮಾಡಿದರೆ ಗಾರ್ಡ್ ತಾನೇ ಜಾಗದಲ್ಲಿರುತ್ತದೆ.

ಈ ಸುತ್ತಾಟಕ್ಕೆ ಬುಧವಾರ ಬೆಳಿಗ್ಗೆ ಎಲ್ಲ ತಣ್ಣಗಿರುವಾಗ ಹೋಗಬೇಡಿ. ಬ್ಯಾಡಗಿ ಮಾರುಕಟ್ಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಅದರ ಸಂಜೆ ಹೋಗಿ, ಲಾರಿ ಸಾಲುಗಟ್ಟಿ ನಿಂತಿದ್ದು ಹಮಾಲರು ಓಡೋಡಿ ಥಪ್ಪಿ ಹಾಕುತ್ತಿರುವಾಗ. ಜನವರಿಯಿಂದ ಮಾರ್ಚ್ ನಡುವೆ ಒಮ್ಮೆಯಾದರೂ ರಾತ್ರಿ ಹೋಗಿ. ನಿಯಮ ಮುರಿಯುವುದು ಅವಸರದಲ್ಲಿ. ಅವಸರ ಇಲ್ಲದ ಹೊತ್ತಿನಲ್ಲಿ ನೋಡಿದರೆ ನಿಮ್ಮ ಘಟಕ ಯಾವಾಗಲೂ ಪಾಸ್.

ಆರೋಗ್ಯದ ಲೆಕ್ಕ ಬೇರೆ, ಅದು ನಿಧಾನಕ್ಕೆ ಕಾಣುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ ಖಾರ ಕಡಿಮೆ ಎನ್ನುವುದು ಪುಡಿ ಮಾಡುವವರ ಮೂಗಿಗೆ ಸಮಾಧಾನ ಕೊಡುವ ಮಾತಲ್ಲ. ಧೂಳು ಧೂಳೇ. ಪುಡಿ ಘಟಕದವರಿಗೆ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಉಸಿರಿನ ಪರೀಕ್ಷೆ ಮತ್ತು ಕಿವಿ ಪರೀಕ್ಷೆ ಮಾಡಿಸಿ. ಶಬ್ದಕ್ಕೆ ಮಿತಿ 8 ಗಂಟೆಗೆ 90 ಡೆಸಿಬಲ್. ಒಂದು ತೋಳು ದೂರದಲ್ಲಿರುವವರಿಗೂ ಕೂಗಿ ಹೇಳಬೇಕಾಗಿದ್ದರೆ ಮೀಟರ್ ತರಿಸಿ ಅಳೆಸಿ. ಹಮಾಲರ ಸೊಂಟದ ಬಗ್ಗೆ ಒಂದು ಪ್ರಶ್ನೆ ಸಾಕು: ಕಳೆದ ಸೀಜನ್‌ಗೆ ಬಂದವರಲ್ಲಿ ಎಷ್ಟು ಜನ ಈ ಸೀಜನ್‌ಗೆ ಬರಲಿಲ್ಲ, ಯಾಕೆ?

ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನು ಬರೆಸಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ಪೆಟ್ಟಿಗೆ ನೇತುಹಾಕಿ ‘ಇದರಲ್ಲಿ ಚೀಟಿ ಹಾಕಿ’ ಎಂದರೆ ಆಗುವುದಿಲ್ಲ. ತೊಟ್ಟು ಬಿಡಿಸುವ ಶೆಡ್ಡಿನಲ್ಲಿ ಚೀಟಿ ಬರೆಯುವವರು ಯಾರು? ಚಹಾದ ಹೊತ್ತಿಗೆ ಹೋಗಿ ಕೂತು, ‘ಈ ವಾರ ಯಾವುದಕ್ಕೆ ಎದೆ ಝಲ್ ಅಂತು, ಯವ್ವಾ?’ ಎಂದು ಕೇಳಿ. ನೀವೇ ಬರೆದುಕೊಳ್ಳಿ. ಹೇಳಿದವರಿಗೆ ದಂಡ ಇಲ್ಲ, ಬೈಗುಳ ಇಲ್ಲ. ಹೇಳಿದ್ದರಲ್ಲಿ ಒಂದನ್ನಾದರೂ ಒಂದು ವಾರದೊಳಗೆ ಸರಿಮಾಡಿ, ‘ನೀವು ಹೇಳಿದ್ದು ಆಯಿತು’ ಎಂದು ಹೋಗಿ ತಿಳಿಸಿ. ಎರಡನೇ ವಾರದಿಂದ ಅವರೇ ನಿಮ್ಮನ್ನು ಕರೆಯುತ್ತಾರೆ. ಸಂಖ್ಯೆ ಏರಿದರೆ ಗಾಬರಿ ಬೇಡ, ಅದು ಒಳ್ಳೆಯ ಲಕ್ಷಣ. ಆದರೆ ‘ತಿಂಗಳಿಗೆ ಇಂತಿಷ್ಟು ಬರಲೇಬೇಕು’ ಎಂದು ಗುರಿ ಇಡಬೇಡಿ. ಮೂವತ್ತನೇ ತಾರೀಖು ಕೂತು ಕಥೆ ಕಟ್ಟುತ್ತಾರೆ. ಹಾಗೆಯೇ ಸೊನ್ನೆ ಅಪಘಾತಕ್ಕೆ ದೀಪಾವಳಿಗೆ ಬಹುಮಾನ ಕೊಡುವ ಪದ್ಧತಿ ಇದ್ದರೆ ನಿಲ್ಲಿಸಿ. ಅದು ಗಾಯ ಮುಚ್ಚಿಡಲು ಕೊಡುವ ಬಹುಮಾನ.

ಸುರಕ್ಷತೆ ತರಬೇತಿಗೆ ಹೋದವರೆಲ್ಲ ಗೋಡೆ ಮೇಲೊಂದು ತ್ರಿಕೋನ ಹಾಕಿಕೊಂಡಿರುತ್ತಾರೆ, ಗಾಯವಾಗದ 300 ಘಟನೆಗೆ 29 ಸಣ್ಣ ಗಾಯ, ಒಂದು ದೊಡ್ಡ ಗಾಯ ಎಂದು. 1931ರಲ್ಲಿ ಅಮೆರಿಕದ ಹೈನ್‌ರಿಚ್ ಕೊಟ್ಟ ಲೆಕ್ಕ ಅದು. ಸಣ್ಣದನ್ನು ಗಮನಿಸಿ ಎನ್ನುವಷ್ಟರ ಮಟ್ಟಿಗೆ ಸರಿ. ಅದರಾಚೆ ನಂಬಬೇಡಿ. ಕುಡುಗೋಲಿನ ಗಾಯ ಅರ್ಧಕ್ಕೆ ಇಳಿದರೆ ರಿಲೀಫ್ ವಾಲ್ವ್ ಸರಿಯಾಗಿಬಿಡುವುದಿಲ್ಲ.

ಈಗ ಪರಿಶೀಲನೆ, ಅಂದರೆ ರಿವ್ಯೂ. ಇದನ್ನು ನೀವೊಬ್ಬರೇ ಮಾಡಿದರೆ ಪ್ರಯೋಜನ ಇಲ್ಲ. ದುಡ್ಡಿನ ಪೆಟ್ಟಿಗೆಯ ಬೀಗ ಯಾರ ಕೈಯಲ್ಲಿದೆಯೋ ಅವರು ಕೂರಬೇಕು. ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಸಾಕು. ಜೊತೆಗೆ ಸೀಜನ್ ಶುರುವಾಗುವ ಮುಂಚೆ ಡಿಸೆಂಬರ್ ಹೊತ್ತಿಗೆ ಒಂದು, ಕೋಲ್ಡ್ ಸ್ಟೋರೇಜ್ ತುಂಬಿದ ಮೇಲೆ ಜೂನ್‌ನಲ್ಲಿ ಒಂದು. ಹಿಂದಿನ ಸಭೆಯಲ್ಲಿ ಮಾಡುತ್ತೇವೆ ಎಂದದ್ದರಲ್ಲಿ ಏನು ಆಗಿಲ್ಲ ಎಂಬುದರಿಂದಲೇ ಶುರುವಾಗಬೇಕು. ಅಮೋನಿಯಾ ಬಿಲ್, ಸೋತ ಪರೀಕ್ಷೆಗಳು, ಜನ ಹೇಳಿದ್ದು ಇವನ್ನು ಆಮೇಲೆ ಮುಂದಿಡಿ. ಕೊನೆಗೆ ಏನು ಮಾಡಬೇಕು, ಯಾರು, ಯಾವ ತಾರೀಖಿಗೆ, ಎಷ್ಟು ದುಡ್ಡು ಎಂದು ಕನ್ನಡದಲ್ಲೇ ಬರೆದು ಸಾಹುಕಾರರ ಸಹಿ ಹಾಕಿಸಿ. ‘ಚರ್ಚಿಸಲಾಯಿತು’ ಎಂದು ಮುಗಿದ ನಡಾವಳಿಗೆ ಬೆಲೆ ಇಲ್ಲ. ‘ಈ ಸಲ ಡಿಟೆಕ್ಟರ್‌ಗೆ ಹಣ ಕೊಡಲು ಆಗುವುದಿಲ್ಲ, ಅಲ್ಲಿಯವರೆಗೆ ಗಂಟೆಗೊಮ್ಮೆ ಆಪರೇಟರ್ ಸುತ್ತು ಹಾಕಬೇಕು’ ಎಂದು ಬರೆದರೂ ಅದು ನಿಜವಾದ ತೀರ್ಮಾನ. ಕೆಲಸದ ಸ್ಥಳದ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 45001ರ ಒಂಬತ್ತನೇ ಭಾಗ ಕೇಳುವುದೂ ಅಳೆಯುವುದು, ಒಳಗಿನ ಆಡಿಟ್, ಆಡಳಿತದವರ ಪರಿಶೀಲನೆ ಎಂಬ ಈ ಮೂರನ್ನೇ. ಇಷ್ಟಕ್ಕೆ ಸರ್ಟಿಫಿಕೇಟ್ ಬೇಕಿಲ್ಲ.

ಘಟಕದಲ್ಲಿ ಏನು ಬದಲಾಗಿದೆ ಎಂಬ ಪ್ರಶ್ನೆಯೂ ಆ ಸಭೆಯಲ್ಲಿ ಬರಲಿ. ಹೊಸ ಗುತ್ತಿಗೆದಾರ, ಹೊಸ ಮಷಿನ್, ಮಳೆಗಾಲದ ರಿಪೇರಿ. 2023ರ ಆಗಸ್ಟ್ ಕೊನೆಯಲ್ಲಿ ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಜನ ಸತ್ತದ್ದು ನೆನಪಿದೆ ಅಲ್ವಾ? ಆಗ ಅಲ್ಲಿ ವೆಲ್ಡಿಂಗ್ ನಡೆಯುತ್ತಿತ್ತು ಎಂದು ಪತ್ರಿಕೆಗಳಲ್ಲಿ ಬಂತು. ನಿಮ್ಮಲ್ಲಿ ಪಟಾಕಿ ಇಲ್ಲ, ಆದರೆ ಗೋಡೆಯೊಳಗೆ ತಂಪು ಹಿಡಿದಿಡುವ ಥರ್ಮಾಕೋಲ್ ಅಥವಾ ಪಫ್ ಫೋಮ್ ಇದೆ, ಪಕ್ಕದಲ್ಲಿ ಒಣ ಕಾಯಿಯ ಚೀಲ ಇದೆ. ಹೊರಗಿನ ವೆಲ್ಡರ್ ಬಂದಾಗ ಯಾರು ಅನುಮತಿ ಕೊಟ್ಟರು, ಸುತ್ತ ಏನಿತ್ತು, ಕೆಲಸ ಮುಗಿದ ಮೇಲೆ ಒಂದು ಗಂಟೆ ಯಾರು ಕಾದು ನೋಡಿದರು ಎಂಬ ಚೀಟಿ ಇರಬೇಕು. ಕಳೆದ ಆರು ತಿಂಗಳ ವೆಲ್ಡಿಂಗ್ ಬಿಲ್ ಎಷ್ಟು, ಚೀಟಿ ಎಷ್ಟು ಎಂದು ತಾಳೆ ನೋಡಿ.

ಕಾನೂನಿನ ಬಗ್ಗೆ ಎರಡು ಮಾತು. ‘ನಮ್ಮದು ಗೋದಾಮು, ಕಾರ್ಖಾನೆ ಅಲ್ಲ’ ಎನ್ನುವವರು ಬಹಳ ಜನ. ತಣ್ಣಗಿಟ್ಟು ಸಂಗ್ರಹಿಸುವುದನ್ನೂ 1948ರ ಕಾರ್ಖಾನೆ ಕಾಯ್ದೆ ತಯಾರಿಕಾ ಪ್ರಕ್ರಿಯೆ ಎಂದೇ ಕರೆದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ವಿದ್ಯುತ್ ಬಳಸಿ 20 ಜನ ದುಡಿಯುವ ಜಾಗವನ್ನು ಕಾರ್ಖಾನೆ ಎಂದು ಹಿಡಿಯುತ್ತದೆ. ನೀವು ಅದರೊಳಗೆ ಬರುತ್ತೀರಿ. ಗಾಯದಿಂದ ಒಬ್ಬರು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕು.

ಆಡಿಟ್ ದಿನ ಫೈಲ್ ದಪ್ಪ ಕಾಣಲಿ ಎಂದು ಹಳೆಯ ತಾರೀಖು ಹಾಕಿ ಏನನ್ನೂ ತುಂಬಬೇಡಿ. ಮೂರು ವರ್ಷದ ಅಮೋನಿಯಾ ಲೆಕ್ಕ, ಈ ತಿಂಗಳಿನ ನಿಜವಾದ ಸುತ್ತಾಟದ ಹಾಳೆಗಳು, ಸಾಹುಕಾರರ ಸಹಿ ಇರುವ ಒಂದೇ ಒಂದು ಸಭೆಯ ನಡಾವಳಿ, ಇನ್ನೂ ಬಾಕಿ ಇರುವ ಕೆಲಸದ ಪಟ್ಟಿ ಇಷ್ಟಿದ್ದರೆ ನಾನಾದರೂ ಒಪ್ಪುತ್ತೇನೆ. ಬಾಕಿ ಪಟ್ಟಿಯನ್ನು ಮುಚ್ಚಿಡಬೇಡಿ, ಅನುಭವಿ ಆಡಿಟರ್ ಮೊದಲು ಕೇಳುವುದೇ ಅದನ್ನು. ಕಂಪ್ರೆಸರ್ ಕೋಣೆಯಲ್ಲಿ ಮಾತಾಡಲು ಆಪರೇಟರ್‌ನನ್ನೇ ಬಿಡಿ, ನೀವು ಪಕ್ಕದಲ್ಲಿ ನಿಂತು ಅನುವಾದ ಮಾಡಿದರೆ ಸಾಕು. ಈ ವಾರ ಒಂದೇ ಕೆಲಸಕ್ಕೆ ಸಮಯ ಇದೆ ಎಂದರೆ ರೆಫ್ರಿಜರೇಷನ್ ಗುತ್ತಿಗೆದಾರರಿಗೆ ಫೋನ್ ಮಾಡಿ ರಿಲೀಫ್ ವಾಲ್ವ್‌ಗಳ ದಿನಾಂಕ ಬರೆದುಕೊಳ್ಳಿ. ಹೊಸದು ಬೇಕಾದರೆ ಆರ್ಡರ್ ಮಾಡಿ ಬರುವಷ್ಟರಲ್ಲಿ ವಾರಗಳೇ ಹಿಡಿಯುತ್ತವೆ, ಉಳಿದದ್ದನ್ನೆಲ್ಲ ಅಷ್ಟರಲ್ಲಿ ಮಾಡಿಕೊಳ್ಳಬಹುದು.